ಕತ್ತರಿ, ಸೂಜಿ ಮತ್ತು ಮರದ ಮಧ್ಯಸ್ಥ

ಸಹೃದಯರಾದ ಓದುಗ ಮಹಾಶಯರೇ, ಎರಡು ದೇಶಗಳ ವೈರವನ್ನು ತೀರಿಸಿದ ಅರಮನೆಯೊಂದರ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರುವ ಸದುದ್ದೇಶದಿಂದ ಈ ಬರಹವನ್ನು ಆರಂಭಿಸಲಾಗಿದೆ. ರಾಜರು, ಮಂತ್ರಿಗಳು, ರಾಯಭಾರಿಗಳು ಇವರ ವಿಚಾರವನ್ನು ವಿದ್ವಾಂಸರು ಈಗಾಗಲೇ ದಪ್ಪ ದಪ್ಪ ಗ್ರಂಥಗಳಲ್ಲಿ ಬರೆದಿಟ್ಟಿರುವುದರಿಂದ ಅವರನ್ನು ಅವರ ಪಾಡಿಗೆ ಬಿಡಲಾಗಿದೆ. ಅದೇ ಅರಮನೆಗೆ ಅಳತೆ ಟೇಪು ಹಿಡಿದುಕೊಂಡು ಹೋದ ಮೂವರು ದರ್ಜಿಗಳ ಸಂಗತಿಯನ್ನಷ್ಟೇ ಇಲ್ಲಿ ನಿವೇದಿಸಲಾಗುವುದು. ಮೂವರೂ ಒಡಹುಟ್ಟಿದವರು. ಅವರಲ್ಲಿ ಇಬ್ಬರು ಪರಸ್ಪರ ಮಾತು ಬಿಟ್ಟು ವರ್ಷಗಳಾಗಿದ್ದವು. ಮೂರನೆಯವಳು ಆ ಕಾರಣದಿಂದಲೇ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಆಡಿ ದಣಿದಿದ್ದಳು.

ಅವರ ಅಂಗಡಿ ಇದ್ದದ್ದು ಗಡಿಯಾರ ರಿಪೇರಿಯವನಿಗೂ ಹಳೆಯ ಪುಸ್ತಕ ಮಾರುವವನಿಗೂ ನಡುವೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೊಂದು ನಿಲುವುಗನ್ನಡಿ, ಮೇಜಿನ ಹಿಂದೆ ಅಣ್ಣ. ಬೀದಿಯವರ ಬಾಯಲ್ಲಿ ಅವನ ಹೆಸರು 'ಕತ್ತರಿ'. ಒಳಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಅವುಗಳ ನಡುವೆ ಬೆನ್ನು ಬಗ್ಗಿಸಿ ಕೂತ ತಮ್ಮ. ಅವನು 'ಸೂಜಿ'. ಎರಡು ಕೋಣೆಗಳ ನಡುವಿನ ಹೊಸ್ತಿಲ ಬಳಿ, ಎರಡೂ ಕಡೆಯ ಬೆಳಕು ಬೀಳುವ ಜಾಗದಲ್ಲಿ, ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಕಾಜ ಹಾಕುತ್ತ, ಗುಂಡಿ ಹೊಲಿಯುತ್ತ ಕೂತಿರುತ್ತಿದ್ದವಳು ಅವರ ಸೋದರಿ. ಅಣ್ಣನಿಗೆ ತಂಗಿ, ತಮ್ಮನಿಗೆ ಅಕ್ಕ. ವಯಸ್ಸಿನಲ್ಲೂ ನಡುವೆ, ಕೂರುವ ಜಾಗದಲ್ಲೂ ನಡುವೆ, ಜಗಳದಲ್ಲೂ ನಡುವೆ. ಹೀಗಾಗಿ 'ನಡುವಿನವಳು' ಎಂಬ ಹೆಸರೇ ಅವಳಿಗೆ ಅಂಟಿಕೊಂಡಿತ್ತು.

ಜಗಳ ಹುಟ್ಟಿದ್ದು ಒಬ್ಬ ನ್ಯಾಯಾಧೀಶರ ಕೋಟಿನಿಂದ. ಅಪ್ಪ ಕಲಿಸಿದ್ದ ಪದ್ಧತಿಯಂತೆ ಕತ್ತರಿ ಯಾವ ಗಿರಾಕಿಯದ್ದಾದರೂ ಬಲಭುಜವನ್ನಷ್ಟೇ ಅಳೆಯುವವನು. ಬಟ್ಟೆಯನ್ನು ಎರಡು ಪದರ ಮಡಿಸಿ, ಒಂದೇ ಓಟದಲ್ಲಿ ಎರಡೂ ಭುಜಗಳನ್ನು ಕತ್ತರಿಸಿ ಎಸೆಯುವವನು. ಆ ಕೈಚಳಕವನ್ನು ನೋಡಲೆಂದೇ ಗಡಿಯಾರದವನು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದ. ಆದರೆ ನ್ಯಾಯಾಧೀಶರು ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ದಿನ, ಎಡಭುಜದ ಮೇಲೆ ಬಟ್ಟೆ ಎಳೆದುಕೊಂಡು ಕುತ್ತಿಗೆಯವರೆಗೂ ಸುಕ್ಕುಗಟ್ಟಿತು. ಅವರು ಯಾವ ತೀರ್ಪನ್ನೂ ಕೊಡದೆ ಕೋಟನ್ನು ಕಳಚಿ ಮೇಜಿನ ಮೇಲೆ ಇಟ್ಟು ಹೊರಟುಹೋದರು. ಊರಿಗೆ ಊರೇ ನೋಡಿತು. ಹೊಲಿಗೆ ಕೆಟ್ಟಿದೆ ಎಂದು ಕತ್ತರಿ ಹೇಳಿದ. ಕತ್ತರಿಸಿದ್ದೇ ಕೆಟ್ಟಿದೆ ಎಂದು ಸೂಜಿ ಹೇಳಿದ. ಅದೇ ಕೊನೆ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಮಾತು ನಿಂತರೂ ಕೆಲಸ ನಿಲ್ಲುವಂತಿರಲಿಲ್ಲವಲ್ಲ. ಒಳಗೆ ಯಂತ್ರಗಳ ಗಡಗಡ, ಹೊರಗೆ ಬೀದಿಯ ಗದ್ದಲ. ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಹೊಸ್ತಿಲಲ್ಲಿ ಕೂತವಳಿಗೆ ಮಾತ್ರ ಎರಡೂ ಕೇಳಿಸುತ್ತಿತ್ತು.

"ಆ ಕತ್ತೆಗೆ ಹೇಳು," ಎಂದು ಹೊರಗಿನಿಂದ ಕತ್ತರಿ ಗುಡುಗುತ್ತಿದ್ದ. "ಕಾಲರನ್ನ ಇಷ್ಟು ಬಿಗಿಯಾಗಿ ಎಳೆದ್ರೆ ಗಿರಾಕಿ ಉಸಿರುಕಟ್ಟಿ ಸಾಯ್ತಾನೆ ಅಂತ."

ನಡುವಿನವಳು ಒಳಗೆ ತಿರುಗಿ ಹೇಳುತ್ತಿದ್ದಳು: "ಕಾಲರು ಒಂಚೂರು ಸಡಿಲ ಇದ್ರೆ ಚೆನ್ನಾಗಿರುತ್ತೆ ಅಂತ ಅಣ್ಣನ ಅಭಿಪ್ರಾಯ ಕಣೋ. ದಯವಿಟ್ಟು ನೋಡ್ಬೇಕಂತೆ."

"ಬಟ್ಟೆ ಬಿಡೋದೇ ಬೆರಳಗಲ. ನನ್ನ ಚರ್ಮ ಸುಲಿದು ಸೇರಿಸಿ ಹೊಲೀಲಾ ಅಂತ ಕೇಳಕ್ಕ ಆ ಮಹಾರಾಯನ್ನ!"

ಅವಳು ಹೊರಗೆ ತಿರುಗುತ್ತಿದ್ದಳು: "ಮುಂದಿನ ಸಲ ಬಟ್ಟೆ ಸ್ವಲ್ಪ ಜಾಸ್ತಿ ಬಿಡೋಕಾಗುತ್ತಾ ಅಂತ ಕೇಳ್ತಿದ್ದಾನೆ ಅಣ್ಣ. ತೊಂದರೆ ಕೊಡ್ತಿರೋದಕ್ಕೆ ಬೇಜಾರು ಮಾಡ್ಕೋಬಾರದಂತೆ."

ಇದರಲ್ಲಿ ಮೋಸ ಮಾಡುತ್ತಿದ್ದೇನೆಂದು ಅವಳಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಉಡುಪು ಗಿರಾಕಿಯ ಕೈಸೇರುವ ಮುನ್ನ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಿ ಚೊಕ್ಕಮಾಡುವುದು ಹೇಗೆ ಅವಳ ಕೆಲಸವೋ, ಮಾತಿನ ತುದಿಗಳನ್ನು ಕತ್ತರಿಸುವುದೂ ಹಾಗೆಯೇ ಎಂದು ಅವಳು ತಿಳಿದಿದ್ದಳು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳದೇ ಆದ ಒಂದು ಲೋಕವಿತ್ತು. ಪಕ್ಕದಂಗಡಿಯಿಂದ ಬಾಡಿಗೆಗೆ ತಂದ ಹರಕು ಕಾದಂಬರಿಗಳಲ್ಲಿ ಹಡಗು ಒಡೆದು ದ್ವೀಪ ಸೇರಿದವರು, ವೇಷ ಮರೆಸಿಕೊಂಡು ಊರೂರು ಅಲೆಯುವ ರಾಜಕುಮಾರಿಯರು, ರೈಲಿನಲ್ಲಿ ಕಳೆದುಹೋದವರು, ಎಲ್ಲರೂ ಅವಳಿಗೆ ಪರಿಚಿತರು. ಆದರೆ ಅವಳು ಹೋದ ಅತಿ ದೂರದ ಪ್ರಯಾಣವೆಂದರೆ ದಾರದ ಸಗಟು ವ್ಯಾಪಾರಿಯ ಮಳಿಗೆಯವರೆಗೆ. ಅಂಥವಳ ಬಾಗಿಲಿಗೆ ಭಾಗ್ಯ ತಾನಾಗಿ ಬಂತು. ಪುರಭವನದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯವರು ರಾಜನ ನಿಲುವಂಗಿ ಹರಿದಿದೆಯೆಂದು ತಂದುಕೊಟ್ಟರು. ಹರಿದದ್ದು ಎಲ್ಲಿ ಎಂದು ಗುರುತೇ ಸಿಗದಂತೆ ಅವಳು ಸರಿಮಾಡಿಕೊಟ್ಟಳು. ಕಂಪನಿಯ ಯಜಮಾನ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಉಡುಪಿನ ಪೆಟ್ಟಿಗೆಗಳನ್ನ ನೋಡ್ಕೊಳ್ಳೋಕೆ ಬರ್ತೀರಾ ತಾಯಿ? ಊರೂರು ತಿರುಗೋ ಕೆಲಸ. ನಾಡಿದ್ದು ಬೆಳಿಗ್ಗೆ ಲಾರಿ ಹೊರಡುತ್ತೆ. ನಾಳೆ ಸಂಜೆಯೊಳಗೆ ಒಂದು ಮಾತು ಹೇಳಿ," ಎಂದಿದ್ದ.

ಅವಳ ಎದೆ ಹೌದು ಎಂದಿತು, ಬಾಯಿ ಮಾತ್ರ ಬಿಗಿದುಕೊಂಡಿತು. ತಾನು ಹೊಸ್ತಿಲಿನಿಂದ ಎದ್ದರೆ ಅಂಗಡಿಯಲ್ಲಿ ಮಾತೆಂಬುದೇ ಇರುವುದಿಲ್ಲ. ಮಾತಿಲ್ಲದೆ ಅಳತೆ ದಾಟುವುದಿಲ್ಲ, ಅಳತೆ ದಾಟದೆ ಒಂದು ತೋಳೂ ಹುಟ್ಟುವುದಿಲ್ಲ. ಮೇಲಂತಸ್ತಿನಲ್ಲಿ ಅಣ್ಣನ ಸಂಸಾರ, ಪಕ್ಕದ ಬೀದಿಯಲ್ಲಿ ತಮ್ಮನ ಸಂಸಾರ, ಎರಡೂ ಅದೇ ಅಂಗಡಿಯನ್ನು ನಂಬಿಕೊಂಡಿದ್ದವು. ಅವರಿಬ್ಬರೂ ಮಾತಾಡಿದರೆ ಅವಳು ಹೊರಡಬಹುದು. ಇಲ್ಲವಾದರೆ ಸ್ಟೂಲೇ ಗತಿ.

ಆ ಮರುದಿನವೇ ಅರಮನೆಯ ಕೆಲಸಕ್ಕೆ ಹೋಗಬೇಕಾಗಿದ್ದದ್ದು.

ಅರಮನೆ ಊರಿನ ಅಂಚಿನಲ್ಲೇ ಇತ್ತು. ಪರದೇಶದವರು ಬಂದು ಸಾಲಾಗಿ ನಿಂತು ನೋಡಿ ಹೋಗುತ್ತಿದ್ದರು. ಊರಿನವರು ಮಾತ್ರ, ಎಲ್ಲಿಗೆ ಹೋಗುತ್ತೆ ಅದು, ಎಂದುಕೊಂಡು ಜೀವಮಾನ ಕಳೆಯುತ್ತಿದ್ದರು. ಇವರು ಮೂವರೂ ಒಳಗೆ ಕಾಲಿಟ್ಟವರಲ್ಲ. ಈಗ ಅಲ್ಲಿ ಹಿಂದಿನ ಸಂಧಾನದ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಆಳೆತ್ತರದ ಮರದ ಬೊಂಬೆಗಳನ್ನು ಕೆತ್ತಿಸಿ ಕೂರಿಸಿದ್ದರು. ಬೊಂಬೆಗಳಿಗೆ ಕೋಟು ಬೇಕಾಗಿತ್ತು. ವಾರದ ರಜೆಯ ದಿನ ಬಂದು ಅಳತೆ ತೆಗೆದುಕೊಳ್ಳಿ ಎಂದು ಅರಮನೆಯ ಮೇಲ್ವಿಚಾರಕಿ ಹೇಳಿ ಕಳಿಸಿದ್ದರು. ಅಳೆಯುವವನು ಕತ್ತರಿ, ಬರೆದುಕೊಳ್ಳುವವನು ಸೂಜಿ. ಬೊಂಬೆಗಳನ್ನು ಅಂಗಡಿಗೆ ಕರೆಸುವಂತಿರಲಿಲ್ಲವಾದ್ದರಿಂದ ಅಂಗಡಿಯೇ ಹೊರಡಬೇಕಾಯಿತು.

ಬಸ್ಸಿನಲ್ಲಿ ಕತ್ತರಿ ಚಾಲಕನ ಹಿಂದೆ ಕೂತ. ಸೂಜಿ ಕಟ್ಟಕಡೆಯ ಸಾಲಿಗೆ ಹೋದ. ನಡುವಿನವಳು ರೂಢಿಯಂತೆ ನಡುವೆ.

"ಮೂವರೂ ಒಟ್ಟಿಗೇನಾ?" ಎಂದ ಕಂಡಕ್ಟರು.

"ಒಟ್ಟಿಗೇ. ಟಿಕೆಟ್ ಮಾತ್ರ ಬೇರೆ ಬೇರೆ ಕೊಡಿ," ಎಂದಳು ಅವಳು.

ಮೇಲ್ವಿಚಾರಕಿ ಬೆಳ್ಳಿಕೂದಲಿನ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ, ದೊಡ್ಡ ದನಿಯ ಹೆಂಗಸು. ಬಾಗಿಲಲ್ಲೇ ಮೂವರಿಗೂ ಬಟ್ಟೆಯ ಚೀಲಗಳನ್ನು ಕೊಟ್ಟು, ನೆಲ ಗೀರಾಗದಂತೆ ಚಪ್ಪಲಿಯ ಮೇಲೆ ಹಾಕಿಕೊಳ್ಳಿ ಎಂದರು. ಕತ್ತರಿ ತನ್ನ ಚೀಲವನ್ನು ತಿರುವಿ ನೋಡಿ ಮೂಗು ಮುರಿದ.

"ಇದನ್ನ ಹೊಲಿದವನು ಕಣ್ಣು ಮುಚ್ಕೊಂಡು ಹೊಲಿದಿದ್ದಾನಾ ಅಂತ ಕೇಳು."

"ಚೀಲ ತುಂಬಾ ಗಟ್ಟಿಯಾಗಿದೆ ಅಂತಿದ್ದಾನೆ ಮೇಡಂ," ಎಂದಳು ನಡುವಿನವಳು. ರೂಢಿ ಅಷ್ಟು ಬಲವಾದದ್ದು. ಕತ್ತರಿಯೇ ಎದುರಿಗೆ ನಿಂತಿದ್ದನಾದ್ದರಿಂದ ಮೇಲ್ವಿಚಾರಕಿ ಇಬ್ಬರನ್ನೂ ಒಮ್ಮೆ ವಿಚಿತ್ರವಾಗಿ ನೋಡಿ ಮುಂದೆ ನಡೆದರು.

ಒಳಗೆ ಒಂದು ಉದ್ದನೆಯ ಹಜಾರ. ಅದರ ಎಡಕ್ಕೆ ಹಸಿರು ಕೋಣೆ, ಬಲಕ್ಕೆ ಹಳದಿ ಕೋಣೆ. ಕಿಟಕಿಗಳ ದಪ್ಪ ಪರದೆಗಳನ್ನು ಅರ್ಧ ಸರಿಸಿದ್ದರಿಂದ ಬೆಳಕು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಹಜಾರದ ಮೇಜಿನ ಆಚೆಗೊಂದು ಸಾಲು, ಈಚೆಗೊಂದು ಸಾಲು ಬೊಂಬೆಗಳು ಹಾಸಿಗೆಯ ಹೊದಿಕೆ ಸುತ್ತಿಕೊಂಡು ಕೂತಿದ್ದವು. ಸ್ನಾನ ಮುಗಿಸಿ ಬಟ್ಟೆಗಾಗಿ ಕಾಯುತ್ತಿರುವವರಂತೆ ಕಾಣುತ್ತಿದ್ದವು. ಎರಡು ಸಾಲುಗಳ ನಡುವೆ, ಮೇಜಿನ ತಲೆಯ ಬಳಿ, ಒಂದು ಬೊಂಬೆ ಮಾತ್ರ ಕೈ ಮುಂದೆ ಚಾಚಿ ನಿಂತಿತ್ತು.

ಕೆಲಸ ಶುರುವಾಯಿತು. ಕತ್ತರಿ ಒಂದು ಬೊಂಬೆಯ ಹೊದಿಕೆ ಸರಿಸಿ ಟೇಪು ಸುತ್ತಿದ.

"ಎದೆ ಮೂವತ್ತೆಂಟು ಅಂತ ಹೇಳು."

"ಎದೆ ಮೂವತ್ತೆಂಟಂತೆ," ಎಂದಳು ನಡುವಿನವಳು, ಅಣ್ಣನ ಪಕ್ಕದಲ್ಲೇ ಸೀಸದಕಡ್ಡಿ ಹಿಡಿದು ನಿಂತಿದ್ದ ತಮ್ಮನಿಗೆ.

"ಬರ್ಕೊಂಡೆ ಅಂತ ಹೇಳಕ್ಕ."

"ಬರ್ಕೊಂಡನಂತೆ ಅಣ್ಣ."

ಅಂಗಡಿಯಲ್ಲಿ ಗೋಡೆಯ ಮರೆಯಿತ್ತು, ಯಂತ್ರದ ಸದ್ದಿತ್ತು. ಇಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ನಿಶ್ಶಬ್ದದಲ್ಲಿ ಈ ಮಾತಿನ ಸಾಗಾಟ ಬಹಳ ನಗೆಪಾಟಲಾಗಿ ಕಂಡಿತು. ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿದೆ ಎಂಬುದು ಮೂವರಿಗೂ ಗೊತ್ತಿತ್ತು. ಹಾಗಾಗಿ ಅಣ್ಣ ಅಳತೆಯ ಹೊರತು ಬೇರೇನೂ ನುಡಿಯಲಿಲ್ಲ. ತಮ್ಮನೂ ನಾಲಿಗೆ ಹಿಡಿದುಕೊಂಡಿದ್ದ.

ಮೇಲ್ವಿಚಾರಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಮ್ಮ ಅರಮನೆಗೆ ತಕ್ಕ ದರ್ಜಿಗಳೇ ಸಿಕ್ಕಿದ್ದೀರಿ! ಇಲ್ಲೂ ಹೀಗೇ ನಡೆದಿದ್ದು. ಹಸಿರು ಕೋಣೆಯವರು ಹಳದಿ ಕೋಣೆಯವರ ಮುಖ ನೋಡ್ತಿರಲಿಲ್ಲ. ಇವರೇ," ಎನ್ನುತ್ತ ಕೈಚಾಚಿ ನಿಂತ ಬೊಂಬೆಯನ್ನು ತೋರಿಸಿದರು, "ಮಧ್ಯಸ್ಥರು. ಆ ಕೋಣೆಯಿಂದ ಈ ಕೋಣೆಗೆ ಮಾತು ಹೊತ್ಕೊಂಡು ನಡೆದೂ ನಡೆದೂ ರತ್ನಗಂಬಳಿ ಹೇಗೆ ಸವೆದಿದೆ ನೋಡಿ."

ನಡುವಿನವಳು ಬಗ್ಗಿ ನೋಡಿದಳು. ಕೆಂಪು ಹೂಬಳ್ಳಿಗಳ ನಡುವೆ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ, ಹೆಜ್ಜೆಯಗಲದ ಬೋಳು ದಾರಿ. ಅಡಿಯ ಹುರಿ ಕಾಣುವಷ್ಟು ಸವೆದಿತ್ತು. ಅವಳಿಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು.

"ಪಾಪ," ಎಂದಳು. "ಇಬ್ಬರ ಮಾತನ್ನೂ ತಿದ್ದಿ, ಮೆತ್ತಗೆ ಮಾಡಿ ದಾಟಿಸೋದು ಸುಲಭದ ಕೆಲಸ ಅಲ್ಲ."

"ಮೆತ್ತಗೆ? ಇವರಾ?" ಎಂದು ಮೇಲ್ವಿಚಾರಕಿ ಬೆರಗಾದರು. "ಹಸಿರಿನವರು 'ಅವರು ಕಳ್ಳರು' ಅಂದ್ರೆ, ನೇರ ಹೋಗಿ 'ನಿಮ್ಮನ್ನ ಕಳ್ಳರು ಅಂದ್ರು' ಅನ್ನೋರು. ಒಂದು ಅಕ್ಷರ ತಿದ್ದಿದವರಲ್ಲ. ಮೆತ್ತಗೆ ಮಾಡೋರು ಇವರಿಗಿಂತ ಮುಂಚೆ ಒಬ್ಬರಿದ್ರು. ಬೈಗುಳ ಹೋದ್ರೆ ನಮಸ್ಕಾರ ಮಾಡಿ ತಲುಪಿಸೋರು. ಎರಡೂ ಕಡೆಯವರಿಗೆ ಅನುಮಾನ ಬಂತು. ಇಷ್ಟು ನಯವಾಗಿ ಮಾತಾಡ್ತಿದ್ದಾರೆ, ಏನೋ ಮಸಲತ್ತು ಇದೆ ಅಂತ ಇನ್ನಷ್ಟು ಸೈನ್ಯ ಕೂಡಿಸಿದ್ರು. ಕೊನೆಗೆ ಅವರನ್ನ ಮನೆಗೆ ಕಳಿಸಿ ಇವರನ್ನ ಕರೆಸಿದ್ದು."

ನಡುವಿನವಳು ಹಿಡಿದಿದ್ದ ಟೇಪಿನ ತುದಿಯನ್ನು ಬಿಟ್ಟುಬಿಟ್ಟಳು. ಅವಳ ಕಣ್ಣಮುಂದೆ ಕಾಲರು, ತೋಳು, ಒಳಪದರಗಳ ಮೇಲೆ ತಾನು ಹೊಲಿದು ಕಳಿಸಿದ 'ದಯವಿಟ್ಟು'ಗಳೆಲ್ಲ ಸಾಲುಗಟ್ಟಿ ನಿಂತವು.

"ಮೇಡಂ, ನಾನೊಂಚೂರು ಅರಮನೆ ನೋಡಿ ಬರ್ತೀನಿ," ಎಂದಳು.

"ಏ! ಅಳತೆ?" ಎಂದ ಕತ್ತರಿ.

"ಅಕ್ಕ, ನೀನು ಹೋದ್ರೆ..." ಎಂದ ಸೂಜಿ.

ಅವಳು ಇಬ್ಬರಿಗೂ ಉತ್ತರ ಕೊಡದೆ ಮೆಟ್ಟಿಲು ಹತ್ತಿದಳು. ಇಷ್ಟು ವರ್ಷಗಳಲ್ಲಿ ಅವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಅವಳು ಎದ್ದುಹೋದದ್ದು ಅದೇ ಮೊದಲು.

ಮೇಲ್ವಿಚಾರಕಿ ಹಿಂದೆಯೇ ಬಂದು ಒಂದೊಂದೇ ಬೀಗ ತೆಗೆದು ತೋರಿಸಿದರು. ಊಟದ ಕೋಣೆ, ಕುದುರೆ ಸವಾರರ ದೊಡ್ಡ ದೊಡ್ಡ ಚಿತ್ರಗಳ ಓಣಿ, ಮೊಳಕಾಲೆತ್ತರದ ಹಿತ್ತಾಳೆ ದೀಪಗಳು. ಬೇರೆ ದಿನವಾಗಿದ್ದರೆ ಅವಳು ಪ್ರತಿಯೊಂದರ ಮುಂದೆಯೂ ಒಂದು ಕಾದಂಬರಿ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಇಂದು ಕಣ್ಣು ಮುಂದಿದ್ದರೂ ಕಿವಿ ಕೆಳಗಿತ್ತು. ಕೆಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ.

ಕೊನೆಯದು ಮಧ್ಯಸ್ಥರ ಕೋಣೆ. ಅರಮನೆಯಲ್ಲೇ ಅತಿ ಚಿಕ್ಕದು. ಕಬ್ಬಿಣದ ಮಂಚ, ನೀರಿನ ಹೂಜಿ, ಗೋಡೆಯ ಮೊಳೆಗೆ ನೇತುಹಾಕಿದ ಚರ್ಮದ ಚೀಲ. ಕಿಟಕಿಯಾಚೆ ನೇರ ರಸ್ತೆ ಕಾಣುತ್ತಿತ್ತು.

"ದೊಡ್ಡ ಕೋಣೆ ಕೊಟ್ರೂ ಬೇಡ ಅಂದ್ರಂತೆ," ಎಂದರು ಮೇಲ್ವಿಚಾರಕಿ. "ರಸ್ತೆ ಕಾಣೋ ಕೋಣೆ ಕೇಳಿದ್ರಂತೆ. ಸಹಿ ಬಿದ್ದ ದಿನ ಚೀಲ ಇಲ್ಲೇ ಮರೆತು ಹೊರಟುಬಿಟ್ರು. ಅಷ್ಟು ಅವಸರ ಮನುಷ್ಯನಿಗೆ!"

ನಡುವಿನವಳು ಚೀಲದ ಪಟ್ಟಿಯನ್ನು ಮುಟ್ಟಿ ನೋಡಿದಳು. ದಾರ ಬಿಟ್ಟಿತ್ತು. ಕೈ ತಾನಾಗಿ ಸೂಜಿಗಾಗಿ ಸೆರಗಿನ ತುದಿಗೆ ಹೋಯಿತು.

"ಮೇಡಂ," ಎಂದಳು, "ಇಬ್ಬರೂ ಒಬ್ಬರ ಮೇಲೊಬ್ಬರು ಹಲ್ಲು ಮಸೀತಾ ಇರೋವಾಗ ಮಧ್ಯಸ್ಥರು ಎದ್ದು ಹೋಗಿದ್ರೆ ಏನಾಗ್ತಿತ್ತು?"

ಮೇಲ್ವಿಚಾರಕಿ ಉತ್ತರ ಹುಡುಕುವಷ್ಟರಲ್ಲಿ ಕೆಳಗೆ ಯಾರೋ ಮೇಜು ಗುದ್ದಿದ ಸದ್ದಾಯಿತು. ಆಮೇಲೆ ಕತ್ತರಿಯ ದನಿ. ಆಮೇಲೆ ಸೂಜಿಯದು. ಇಬ್ಬರು ಹೆಂಗಸರೂ ಸೆರಗು ಬಿಗಿದುಕೊಂಡು ಮೆಟ್ಟಿಲಿಳಿದು ಬಂದು ಹಳದಿ ಕೋಣೆಯ ಬಾಗಿಲ ಪರದೆಯ ಮರೆಯಲ್ಲಿ ನಿಂತರು.

ಹಜಾರದಲ್ಲಿ ಕಂಡ ನೋಟ ಹೀಗಿತ್ತು. ಮರದ ಮಧ್ಯಸ್ಥನ ಒಂದು ಪಕ್ಕದಲ್ಲಿ ಕತ್ತರಿ, ಇನ್ನೊಂದು ಪಕ್ಕದಲ್ಲಿ ಸೂಜಿ. ಇಬ್ಬರ ಕಣ್ಣೂ ಬೊಂಬೆಯ ಮುಖದ ಮೇಲೆ.

"ಸ್ವಾಮಿ ಮಧ್ಯಸ್ಥರೇ," ಎಂದ ಕತ್ತರಿ, ಬೊಂಬೆಗೆ. "ನಿಮ್ಮ ಬಲಭುಜ ಆರೂವರೆ. ಎಡಕ್ಕೂ ಅದೇ ಬರ್ಕೊಳ್ಳೋಕೆ ಆ ಕತ್ತೆಗೆ ಹೇಳಿ."

"ಸ್ವಾಮಿ," ಎಂದ ಸೂಜಿ, ಅದೇ ಬೊಂಬೆಗೆ. "ಕತ್ತೆಗೆ ಕಣ್ಣಿದೆ ಅಂತ ಆ ಮಹಾರಾಯನಿಗೆ ಹೇಳಿ. ತಮ್ಮ ಬಲಭುಜ ಕೆಳಗೆ ಇಳಿದಿದೆ, ಎಡಭುಜ ಮೇಲಿದೆ. ಎರಡೂ ಅಳೀಬೇಕು."

"ಮರದ ಬೊಂಬೆಗೆ ಎಂಥಾ ಓರೆ ಭುಜ? ಕೆತ್ತಿದವನು ಕುಡಿದು ಕೆತ್ತಿದ್ದಾನೆ ಅಂತ ಹೇಳಿ ಸ್ವಾಮಿ!"

ಪರದೆಯ ಮರೆಯಲ್ಲಿ ಮೇಲ್ವಿಚಾರಕಿ ಪಿಸುಗುಟ್ಟಿದರು: "ಕುಡಿದಿರಲಿಲ್ಲ. ಹಳೇ ಫೋಟೋ ನೋಡಿ ಕೆತ್ತಿದ್ದು. ಆ ಚೀಲ ಹೊತ್ತೂ ಹೊತ್ತೂ ಅವರ ಭುಜವೇ ಹಾಗಾಗಿತ್ತು."

"ಹಾಗಾದ್ರೆ," ಎಂದು ಸೂಜಿ ದನಿಯೇರಿಸಿದ, "ನಮ್ಮ ನ್ಯಾಯಾಧೀಶರನ್ನೂ ಯಾರೋ ಕುಡಿದು ಕೆತ್ತಿದ್ರಾ ಅಂತ ಕೇಳಿ ಸ್ವಾಮಿ!"

ಕತ್ತರಿಯ ಕೈಯಲ್ಲಿ ಟೇಪು ನೇತಾಡುತ್ತಿತ್ತು. ಅವನು ಬೊಂಬೆಯ ಎಡಭುಜವನ್ನು ನೋಡಿದ, ಬಲಭುಜವನ್ನು ನೋಡಿದ, ಬೆರಳಿನಿಂದ ಎರಡನ್ನೂ ಸವರಿದ. ಆಮೇಲೆ ಬೊಂಬೆಯನ್ನು ಪಕ್ಕಕ್ಕೆ ಬಿಟ್ಟು ಕೇಳಿದ:

"ನ್ಯಾಯಾಧೀಶರು ಪುಸ್ತಕದ ಚೀಲ ಯಾವ ಕಡೆ ಹಾಕ್ಕೊಳ್ತಿದ್ರು?"

"ಬಲಭುಜಕ್ಕೆ. ಅಳತೆ ಕೊಡೋವಾಗ್ಲೂ ಒಂದು ಕಡೆಗೆ ವಾಲ್ಕೊಂಡೇ ನಿಂತಿದ್ರು."

"ಗೊತ್ತಿದ್ದೂ ಅವತ್ತು ಯಾಕೋ ಬೊಗಳಲಿಲ್ಲ?"

"ಬೊಗಳಿದ್ದೆ! ಜಗಳದ ಮಾರನೇ ದಿನವೇ ಅಕ್ಕನ ಕೈಲಿ ಹೇಳಿ ಕಳಿಸಿದ್ದೆ. 'ನಿನಗೇನು ಕುರುಡಾ, ಆ ಮನುಷ್ಯನ ಭುಜ ಓರೆ ಇರೋದು ಕಾಣಲಿಲ್ವಾ, ಎರಡೂ ಭುಜ ಅಳೆಯೋಕೆ ಏನು ರೋಗ' ಅಂತ."

"ನನಗೆ ಬಂದಿದ್ದು ಅದಲ್ಲ."

"ಮತ್ತೇನು?"

"'ಆಗಿದ್ದು ಆಯ್ತು, ಅ‌ಣ್ಣ ಮನಸ್ಸಿಗೆ ಹಚ್ಕೋಬಾರದು ಅಂತಿದ್ದಾನೆ' ಅಂದ್ಲು. ನನಗೆ ಮೈಯೆಲ್ಲಾ ಉರಿದುಹೋಯ್ತು. ಮೊನ್ನೆ ಮೊನ್ನೆ ಸೂಜಿ ಹಿಡಿಯೋಕೆ ಕಲಿತವನು ನನ್ನನ್ನ ಕ್ಷಮಿಸ್ತಾನಾ ಅಂತ! ನಿನ್ನ ಕ್ಷಮೆ ಯಾವನಿಗೋ ಬೇಕಾಗಿತ್ತು?"

"ಕ್ಷಮೆ? ನಾನಾ?" ಎಂದ ಸೂಜಿ. "ನೀನು ದಿನಾ 'ದಯವಿಟ್ಟು, ದಯವಿಟ್ಟು' ಅಂತ ಹೇಳಿ ಕಳಿಸ್ತಿದ್ಯಲ್ಲ, ಹೊರಗಿನವನ ಹತ್ರ ಮಾತಾಡೋ ಹಾಗೆ! ಒಂದು ದಿನಾನಾದ್ರೂ ಬಾಯಿ ತುಂಬಾ ಕತ್ತೆ ಅಂತಾನಾ ಅಂತ ಕಾದೆ. ಇಲ್ಲ. ಇನ್ನು ನಾನು ಅವನ ಪಾಲಿಗೆ ತಮ್ಮ ಅಲ್ಲ ಅಂದ್ಕೊಂಡೆ."

"ದಯವಿಟ್ಟು? ಕಟ್ಕೊಂಡ ಹೆಂಡತಿಗೇ ಆ ಮಾತು ಹೇಳಿದವನಲ್ಲ ನಾನು! ದಿನಕ್ಕೆ ಹತ್ತು ಸಲ ಕತ್ತೆ ಅಂತಾನೇ ಅಂದಿದ್ದೀನಿ ಕಣೋ ಕತ್ತೆ!"

"ನನಗೆ ಒಂದೂ ತಲುಪಲಿಲ್ಲ!"

ಇಬ್ಬರ ದನಿಯೂ ಚಾವಣಿ ಮುಟ್ಟಿತು. ಮೇಲ್ವಿಚಾರಕಿ ಗಾಬರಿಯಿಂದ ನಡುವಿನವಳ ತೋಳು ಹಿಡಿದರು. "ಹೊಡೆದಾಡಿ ಬೊಂಬೆ ಮುರಿದು ಹಾಕ್ತಾರೆ, ಒಳಗೆ ಹೋಗಿ ಬಿಡಿಸಿ!"

"ಬೇಡ ಮೇಡಂ," ಎಂದಳು ನಡುವಿನವಳು. ಅವಳ ಕಣ್ಣು ತುಂಬಿಕೊಂಡಿತ್ತು. "ಮಾತುಕತೆ ನಡೀತಾ ಇದೆ."

ಅವಳನ್ನು ಕೂಗಿ ಕರೆಯಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಪರದೆ ಸರಿಸಿ ಹೊರಬಂದಾಗ ಅಣ್ಣತಮ್ಮಂದಿರು ಭುಜಕ್ಕೆ ಭುಜ ತಾಗಿಸಿ, ಒಂದೇ ಪಕ್ಷವಾಗಿ, ಅವಳ ಎದುರು ನಿಂತಿದ್ದರು.

"ಏನೇ ಮಾಡಿಟ್ಟಿದ್ದೀಯಾ ನೀನು?" ಎಂದ ಕತ್ತರಿ.

"ದಾರದ ತುದಿ ಕತ್ತರಿಸ್ತಿದ್ದೆ ಅಣ್ಣ. ಚೊಕ್ಕವಾಗಿರಲಿ ಅಂತ."

"ತುದಿ ಕತ್ತರಿಸಲಿಲ್ಲ ನೀನು, ಹೊಲಿಗೆಯನ್ನೇ ಕತ್ತರಿಸಿದೆ." ಅವನ ದನಿ ಒಮ್ಮೆಗೇ ತಗ್ಗಿತು. "ಅಪ್ಪ ಹೋದಾಗ ನಾನೊಂದು ಮೂಲೆ, ಇವನೊಂದು ಮೂಲೆ ನಿಂತು ಅತ್ವಲ್ಲೇ."

ಆ ಮಾತನ್ನು ಮೆತ್ತಗೆ ಮಾಡಿ ದಾಟಿಸುವವರು ಯಾರೂ ಇರಲಿಲ್ಲ. ಅದು ಹೊರಟ ಹಾಗೆಯೇ ಬಂದು ಅವಳ ಎದೆಗೆ ನಾಟಿತು. ಅವಳು ತಪ್ಪಾಯ್ತು ಎನ್ನಲು ಬಾಯಿ ತೆರೆದಳು, ಅದೂ ಒಂದು ನಯದ ಮಾತಾಗಿ ಕೇಳೀತೆಂದು ಮುಚ್ಚಿದಳು.

ಕೊನೆಗೆ ಸೂಜಿಯೇ ಕೆಮ್ಮಿದ. "ಬಿಡಣ್ಣ. ಎಡಭುಜ ಅಳೆದು ಹೇಳು, ಬರ್ಕೊಳ್ತೀನಿ."

ಕತ್ತರಿ ಟೇಪು ಎಳೆದ. "ಏಳು."

"ಏಳು," ಎಂದು ಸೂಜಿ ಬರೆದುಕೊಂಡ.

ನಡುವೆ ಯಾರೂ ಇರಲಿಲ್ಲ. ಇದೇ ಸಮಯವೆಂದು ನಡುವಿನವಳಿಗೆ ಅನ್ನಿಸಿತು. ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲವೆಂದೂ ಅನ್ನಿಸಿತು. ಆದರೆ ಸಂಜೆಯೊಳಗೆ ಕಂಪನಿಯ ಯಜಮಾನನಿಗೆ ಮಾತು ಕೊಡಬೇಕಾಗಿತ್ತು.

"ನಾಳೆ ಬೆಳಿಗ್ಗೆ ನಾನು ಹೊರಡ್ತೀನಿ. ನಾಟಕ ಕಂಪನಿ ಜೊತೆ, ಉಡುಪು ನೋಡ್ಕೊಳ್ಳೋಕೆ. ಊರೂರು ತಿರುಗಬೇಕು. ಇದು ಮೆತ್ತಗೆ ಮಾಡಿದ ಮಾತಲ್ಲ."

"ಏನಂದೆ?" ಎಂದರು ಇಬ್ಬರೂ ಒಟ್ಟಿಗೆ.

"ನಿನ್ನಿಂದಲೇ ಕಣೋ, ಬೈದು ಬೈದು ಓಡಿಸ್ತಿದ್ದೀಯಾ," ಎಂದ ಕತ್ತರಿ.

"ಈಗ ಬೈದಿದ್ದು ನೀನು! ನಾನು ಬಾಯೇ ಬಿಟ್ಟಿಲ್ಲ."

"ಕಾಜ ಯಾರು ಹಾಕ್ತಾರೆ? ನೀನಾ? ನಿನ್ನ ಕಾಜ ಬೆಕ್ಕು ಆಕಳಿಸಿದ ಹಾಗಿರುತ್ತೆ."

"ಆಕಳಿಸಲಿ ಬಿಡು. ಗುಂಡಿ ಒಳಗೆ ಹೋದ್ರೆ ಸಾಕಲ್ವಾ?" ಎಂದ ಸೂಜಿ. ಆಮೇಲೆ ಅಕ್ಕನ ಕಡೆ ತಿರುಗಿ ಬೇರೆಯದೇ ದನಿಯಲ್ಲಿ ಕೇಳಿದ: "ಓಡಿಹೋಗ್ತಿದ್ದೀಯೇನಕ್ಕ? ನಮ್ಮಿಂದ?"

"ಇಲ್ಲ ಕಣೋ. ಲಾರಿ ಕರೆದಿದ್ದು ನಿನ್ನೆ. ಜಗಳ ನನ್ನಿಂದ ಬೆಳೀತು ಅಂತ ಗೊತ್ತಾಗಿದ್ದು ಇವತ್ತು. ನೀವು ಹೀಗೇ ಮೂಗರಾಗಿ ಉಳಿದಿದ್ರೆ ನಾನು ಬರಲ್ಲ ಅಂತ ಹೇಳಿ ಕಳಿಸ್ತಿದ್ದೆ."

ಕತ್ತರಿ ಟೇಪು ಸುತ್ತಿದ. ಸುತ್ತಿ ಮುಗಿದ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದ. "ಅಷ್ಟು ವರ್ಷ ಹೊಸ್ತಿಲ ಮೇಲೆ ಕೂತ್ಕೊಂಡಿದ್ದೀಯಾ," ಎಂದ ಕೊನೆಗೆ. "ಕಾಲು ಜೋಮು ಹಿಡಿದಿರಬೇಕು. ಹೋಗು."

ಹಿಂದಿರುಗುವ ಬಸ್ಸಿನಲ್ಲಿ ಅಣ್ಣತಮ್ಮಂದಿರು ಒಂದೇ ಸೀಟಿನಲ್ಲಿ ಕೂತು ಓರೆ ಭುಜಕ್ಕೆ ಬಟ್ಟೆ ಮಡಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಕಚ್ಚಾಡಿದರು. ಕಂಡಕ್ಟರು ಎರಡು ಸಲ ಬಂದು ಗದರಿಸಿ ಹೋದ. ನಡುವಿನವಳು ಪುರಭವನದ ನಿಲ್ದಾಣದಲ್ಲಿ ಇಳಿದು, ಯಜಮಾನನಿಗೆ ಬರುತ್ತೇನೆಂದು ಹೇಳಿ, ನಡೆದು ಮನೆಗೆ ಬಂದಳು.

ಬೆಳಗಾದ ಮೇಲೆ ಅವಳು ಪೆಟ್ಟಿಗೆ ತುಂಬಿದಳು. ಮೊದಲು ಮಡಿಸಿದ ಸೀರೆಗಳು, ಅವುಗಳ ನಡುವೆ ಸೂಜಿಗಳ ಡಬ್ಬಿ, ಬೆರಳ ತುದಿಗೆ ಹಾಕುವ ಹಿತ್ತಾಳೆ ಟೋಪಿ, ಬಣ್ಣಬಣ್ಣದ ದಾರದ ಉಂಡೆಗಳು. ಹರಕು ಕಾದಂಬರಿಯೊಂದನ್ನು ಕೈಗೆತ್ತಿಕೊಂಡು, ಅದು ಬಾಡಿಗೆಯದೆಂದು ನೆನಪಾಗಿ ಪಕ್ಕದಂಗಡಿಯವನಿಗೆ ಕೊಡಲು ಹೋದಳು. ಅವನು, "ಕೊನೇ ಹಾಳೆಗಳೇ ಇಲ್ಲ ಅದರಲ್ಲಿ, ನೀವೇ ಇಟ್ಕೊಳ್ಳಿ," ಎಂದ.

ಕತ್ತರಿ ಮೇಜಿನ ಹಿಂದಿನಿಂದ ಬಂದು ತನ್ನ ಚಿಕ್ಕ ಕತ್ತರಿಯನ್ನು, ಯಾರಿಗೂ ಮುಟ್ಟಲು ಬಿಡದಿದ್ದ ಕತ್ತರಿಯನ್ನು, ಅವಳ ಪೆಟ್ಟಿಗೆಯೊಳಗೆ ತುರುಕಿದ. "ದಾರಕ್ಕೆ ಮಾತ್ರ," ಎಂದ. "ಮಾತಿಗೆ ಬೇಡ. ಮತ್ತೆ ಆ ಯಜಮಾನನಿಗೆ ಹೇಳು, ನನ್ನ ತಂಗಿಗೆ ತೊಂದರೆ ಕೊಟ್ರೆ ಬಂದು ಚರ್ಮ ಸುಲೀತೀನಿ ಅಂತ."

"ಹಾಗೇ ಹೇಳ್ತೀನಿ."

"ದಯವಿಟ್ಟು ಗಿಯವಿಟ್ಟು ಸೇರಿಸ್ಬೇಡ."

"ಇಲ್ಲಣ್ಣ."

ಪೆಟ್ಟಿಗೆಯನ್ನು ಸೂಜಿ ಹೊತ್ತುಕೊಂಡು ಲಾರಿಯವರೆಗೂ ಬಂದ. ರಾಜನ ಸಿಂಹಾಸನಕ್ಕೂ ಬಣ್ಣದ ಪರದೆಗಳ ಸುರುಳಿಗೂ ನಡುವೆ ಅವಳಿಗೊಂದು ಜಾಗ ಮಾಡಿಕೊಟ್ಟು, ಅಲ್ಲೂ ನಡುವೆಯೇ ಬಂತಲ್ಲ ಎಂದು ನಕ್ಕು, ಮುಖ ತಿರುಗಿಸಿಕೊಂಡು ಇಳಿದ. ಲಾರಿ ಹೊರಟು ಅಂಗಡಿಯ ಮುಂದಿನಿಂದ ಹಾಯ್ದಾಗ ಒಳಗಿನಿಂದ ಅಣ್ಣನ ಗುಡುಗು ಕೇಳಿಸಿತು:

"ಎಲ್ಲಿ ಹೋದ್ಯೋ ಕತ್ತೆ? ತೋಳು ಕತ್ತರಿಸಿ ಎಷ್ಟು ಹೊತ್ತಾಯ್ತು!"

ಬೀದಿಯ ತಿರುವಿನಿಂದ ಓಡಿಬರುತ್ತಿದ್ದ ಸೂಜಿ ಅಷ್ಟೇ ಗಟ್ಟಿಯಾಗಿ ಕೂಗಿ ಹೇಳಿದ: "ಬಂದೆ! ಕೂಗಿ ಸಾಯಬೇಡ!"

ನಡುವಿನವಳು ಪೆಟ್ಟಿಗೆಯ ಮೇಲೆ ಕಾಲು ಚಾಚಿ ಕೂತು ರಸ್ತೆಯ ಕಡೆ ಮುಖ ಮಾಡಿದಳು.

ಓದುಗ ಮಹಾಶಯರೇ, ನಿವೇದಿಸಬೇಕಾದದ್ದು ಇಷ್ಟೇ. ಅವರ ಮಾತನ್ನು ತಿದ್ದದೆ ತಮ್ಮವರೆಗೆ ದಾಟಿಸಿದ್ದಾಯಿತು; ಮಾತು ಹೊತ್ತು ಊರೂರು ತಿರುಗುವ ನನಗೂ ಈ ಊರಿನಲ್ಲಿ ಇನ್ನು ಕೆಲಸವಿಲ್ಲ. ಒಗೆದ ಅಂಗಿ ಒಣಗಿದೆ. ಅದನ್ನು ಮಡಿಸಿ ಚೀಲಕ್ಕೆ ಹಾಕಿ, ಚೀಲವನ್ನು ಈ ಸಲ ಎಡಭುಜಕ್ಕೆ ಏರಿಸಿ, ಬಾಗಿಲು ಎಳೆದುಕೊಂಡು ಹೊರಟಿದ್ದೇನೆ.